ಕೊಟ್ಟ ಕತ್ತಿಯನ್ನು ಮರಳಿ ಕೇಳುವವರಾರು?

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಭೀಮೆಯನ್ನು ಮುಟ್ಟುವುದಕ್ಕೆ ಮೊದಲು, ಇಂಡಿ ಸೀಮೆಯ ಝಳಕಿ ಎಂಬ ಊರು ಸಿಕ್ಕುತ್ತದೆ. ಬಯಲುಸೀಮೆಯ ಬಿಸಿಲು, ಕರಿಯ ಎರೆ ಹೊಲ, ಬಿಳಿಜೋಳ, ಲಿಂಬೆಯ ತೋಟ. ರಸ್ತೆಯಲ್ಲಿ ಹಗಲಿರುಳೆನ್ನದೆ ಓಡುವ ಲಾರಿಗಳು. ಪ್ರವಾಸಿಯನ್ನು ನಿಲ್ಲಿಸುವಂತಹ ಗುಮ್ಮಟವಾಗಲಿ ಕೋಟೆಯಾಗಲಿ ಇಲ್ಲಿಲ್ಲ. ಆದರೂ ಇಲ್ಲಿ ನಿಂತು ಎರಡು ದಿಕ್ಕಿಗೂ ಒಮ್ಮೆ ನೋಡಿದರೆ, ಇಂದು ಪತ್ರಿಕೆಗಳಲ್ಲಿಯೂ ಮನೆಯ ಪಡಸಾಲೆಗಳಲ್ಲಿಯೂ ಮತ್ತೆ ಮತ್ತೆ ಚರ್ಚೆಗೆ ಬರುವ ಒಂದು ಪ್ರಶ್ನೆಗೆ ಬೇಕಾದ ಪಾಠವೆಲ್ಲ ಈ ದಾರಿಯ ಅಕ್ಕಪಕ್ಕದಲ್ಲಿಯೇ ಇದೆಯೆಂದು ತೋರುತ್ತದೆ.

ಆ ಪ್ರಶ್ನೆ ಇದು: ಯುದ್ಧ, ದಂಗೆ, ಕ್ಷೋಭೆ ಒದಗಿದಾಗ ಆಳುವವರ ಕೈಗೆ ನಾವು ಮಿತಿಮೀರಿದ ಅಧಿಕಾರವನ್ನು ಕೊಡುತ್ತೇವೆ. ಮನೆಗೆ ಕಳ್ಳರು ನುಗ್ಗಿದಾಗ ಕಾವಲುಗಾರನ ಕೈಗೆ ಕತ್ತಿ ಕೊಟ್ಟಂತೆ. ಕೊಡುವುದು ತಪ್ಪಲ್ಲ, ಕೊಡದಿದ್ದರೆ ಮನೆ ಉಳಿಯದು. ಆದರೆ ಕಳ್ಳರು ಓಡಿಹೋದ ಮೇಲೆ ಆ ಕತ್ತಿಯನ್ನು ಮರಳಿ ಕೇಳುವವರಾರು? ಕೇಳಿದರೆ ಕಾವಲುಗಾರ ಕೊಡುವನೇ?

ಇದಕ್ಕೆ ಸಂವಿಧಾನದ ಗ್ರಂಥ ಒಂದು ಉತ್ತರ ಕೊಡುತ್ತದೆ. ಚರಿತ್ರೆ ಇನ್ನೊಂದು ಉತ್ತರ ಕೊಡುತ್ತದೆ. ಮೊದಲು ಚರಿತ್ರೆಯನ್ನೇ ಕೇಳೋಣ. ಅದಕ್ಕಾಗಿ ಝಳಕಿಯಿಂದ ಉತ್ತರಕ್ಕೆ ಹೊರಟು, ಭೀಮೆಯನ್ನು ದಾಟಿ, ಸೊಲ್ಲಾಪುರಕ್ಕೆ ಹೋಗಬೇಕು.

ಸೊಲ್ಲಾಪುರದ ಏಳು ವಾರಗಳು

ಇಂದು ಭೀಮೆ ಎರಡು ರಾಜ್ಯಗಳ ಎಲ್ಲೆ. 1930ರಲ್ಲಿ ಹಾಗಿರಲಿಲ್ಲ. ಸೊಲ್ಲಾಪುರವೂ ವಿಜಾಪುರ ಜಿಲ್ಲೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. 1956ರ ನವೆಂಬರ್ 1ರಂದು ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಉಳಿದುವು. ಆದರೆ ಬಂಧುತ್ವ ಕಡಿಯಲಿಲ್ಲ. ಸಿದ್ಧರಾಮನ ಸೊನ್ನಲಿಗೆಯೇ ಸೊಲ್ಲಾಪುರ. ಅಲ್ಲಿಯ ಪೇಟೆಗಳಲ್ಲಿ ಮರಾಠಿ, ತೆಲುಗು, ಉರ್ದು ಮಾತುಗಳ ಜೊತೆಗೆ ಕನ್ನಡವೂ ತಲೆಮಾರುಗಳಿಂದ ಮನೆಮಾತಾಗಿದೆ.

ಆ ವರ್ಷ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಮೇ 5ರ ನಸುಕಿನಲ್ಲಿ ಗಾಂಧೀಜಿಯವರ ಬಂಧನವಾಯಿತು. ಸುದ್ದಿ ಗಿರಣಿಗಳ ಊರಾದ ಸೊಲ್ಲಾಪುರವನ್ನು ತಲುಪಿದೊಡನೆ ಅಂಗಡಿಗಳು ಮುಚ್ಚಿದುವು. ಕಾರ್ಮಿಕರು ಕೆಲಸ ಬಿಟ್ಟು ಬೀದಿಗಿಳಿದರು. ಮೇ 8ರಂದು ಹೆಂಡದ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹ. ಬಂಧನಗಳಾದುವು, ಜನ ಕೂಡಿತು, ಪೋಲೀಸರು ಗುಂಡು ಹಾರಿಸಿದರು. ಶಂಕರ ಶಿವದಾರೆ ಎಂಬ ತರುಣ ಗುಂಡಿಗೆ ಬಲಿಯಾದ. ಅನಂತರ ಗುಂಪು ಕೆರಳಿತು. ಪೋಲೀಸು ಚೌಕಿ ಉರಿಯಿತು, ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿತ್ತು, ಪೋಲೀಸರೂ ಹತರಾದರು. ಇದನ್ನು ಮರೆಮಾಚಬೇಕಾಗಿಲ್ಲ. ಗಾಂಧಿಯ ಹೆಸರಿನಲ್ಲಿ ಗಾಂಧಿ ಒಪ್ಪದ ಕೆಲಸ ಅಂದು ನಡೆಯಿತು.

ಅಧಿಕಾರಿಗಳು ಊರನ್ನು ಬಿಟ್ಟು ರೈಲು ನಿಲ್ದಾಣದ ಕಡೆಗೆ ಸರಿದರು. ಮುಂದಿನ ಮೂರು ದಿನ, ಮೇ 9, 10 ಮತ್ತು 11, ಸೊಲ್ಲಾಪುರದಲ್ಲಿ ಸರಕಾರವೆಂಬುದೇ ಇರಲಿಲ್ಲ. ಊರು ಹಾಳಾಗಬೇಕಾಗಿತ್ತಲ್ಲವೆ? ಹಾಗಾಗಲಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರು ಕಾವಲು ತಿರುಗಿದರು, ಬೀದಿಗಳಲ್ಲಿ ವ್ಯವಸ್ಥೆ ನೋಡಿಕೊಂಡರು. ಈ ಮೂರು ದಿನಗಳನ್ನು ಸೊಲ್ಲಾಪುರದವರು ತಮ್ಮ ಊರಿನ ಮೊದಲ ಸ್ವರಾಜ್ಯವೆಂದು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಆದುದರಿಂದ ಗಮನಿಸಬೇಕಾದ ಸಂಗತಿಯೆಂದರೆ, ಮಾರ್ಷಲ್ ಲಾ ಎಂಬ ಸೈನ್ಯಶಾಸನ ಬಂದದ್ದು ಬೆಂಕಿ ಉರಿಯುತ್ತಿದ್ದ ದಿನವಲ್ಲ. ಬೆಂಕಿ ಆರಿ, ಊರು ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದ ಮೇ 12ರಂದು. ಅದು ಹಿಂದಕ್ಕೆ ಹೋದದ್ದು ಜೂನ್ ತಿಂಗಳ ಕೊನೆಗೆ. ಸುಮಾರು ಏಳು ವಾರ. ಈ ಏಳು ವಾರಗಳಲ್ಲಿ ಸೈನ್ಯಾಧಿಕಾರಿಯ ಅಪ್ಪಣೆಯೇ ಕಾನೂನು. ತ್ರಿವರ್ಣ ಧ್ವಜವನ್ನು ಹಿಡಿಯುವುದು ಅಪರಾಧವಾಯಿತು. ತಲೆಯ ಮೇಲಿನ ಬಿಳಿಯ ಗಾಂಧೀ ಟೋಪಿಯೂ ರಾಜದ್ರೋಹದ ಗುರುತಾಯಿತು. ಕೊಲೆ, ಕಿಚ್ಚುಗಳನ್ನು ಅಡಗಿಸಲೆಂದು ಬಂದ ಅಧಿಕಾರ ಟೋಪಿಯ ಮೇಲೆ ಬಂದು ಕುಳಿತಿತು. ಅಪಾಯಕ್ಕೆಂದು ಬಂದ ಅಧಿಕಾರದ ಸ್ವಭಾವವೇ ಇದು. ಅದು ಮೊದಲು ಕೈಯಲ್ಲಿ ಕಲ್ಲು ಹಿಡಿದವನನ್ನು ಹಿಡಿಯುತ್ತದೆ. ಆಮೇಲೆ ಬಾಯಲ್ಲಿ ಮಾತು ಉಳ್ಳವನನ್ನು. ಕಡೆಗೆ ತಲೆಯ ಮೇಲೆ ಟೋಪಿ ಇಟ್ಟವನನ್ನು.

ಪೋಲೀಸರ ಕೊಲೆಯ ಆರೋಪದ ಮೇಲೆ ನಾಲ್ವರಿಗೆ ಮರಣದಂಡನೆಯಾಯಿತು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ. ಲಿಂಗಾಯತ ವ್ಯಾಪಾರಿ ಒಬ್ಬರು, ಪತ್ರಿಕೆ ನಡೆಸುತ್ತ ಕಾರ್ಮಿಕರ ನಡುವೆ ಕೆಲಸಮಾಡುತ್ತಿದ್ದ ಮುಸಲ್ಮಾನ ತರುಣ ಒಬ್ಬರು, ಮರಾಠರು ಒಬ್ಬರು, ಮಾರವಾಡಿ ಒಬ್ಬರು. ಇವರು ನಿರಪರಾಧಿಗಳೆಂದು ಊರಿಗೆ ಊರೇ ನಂಬಿತ್ತು. 1931ರ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಸಂಕ್ರಾಂತಿಯೆಂದರೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಜಾತ್ರೆ. ಇಂದು ಆ ಊರಿನ ನಟ್ಟನಡುವಣ ಚೌಕಕ್ಕೆ ಆ ನಾಲ್ವರು ಹುತಾತ್ಮರ ಹೆಸರೇ ಇದೆ, ಅವರ ಪ್ರತಿಮೆಗಳೂ ಇವೆ.

ಪರಕೀಯರ ಆಳಿಕೆಯಲ್ಲಿ ಹಾಗಾದುದು ಆಶ್ಚರ್ಯವೇನೂ ಅಲ್ಲ, ಎಂದು ಓದುಗರು ಹೇಳಬಹುದು. ನಮ್ಮವರೇ ಆಳತೊಡಗಿದ ಮೇಲೆ ಏನಾಯಿತೆಂಬುದನ್ನೂ ನೋಡೋಣ.

ಯುದ್ಧ ಒಂದು ತಿಂಗಳು, ಘೋಷಣೆ ಐದು ವರ್ಷ

1962ರ ಅಕ್ಟೋಬರ್ 20ರಂದು ಚೀನದ ಸೈನ್ಯ ಗಡಿಯನ್ನು ದಾಟಿತು. 26ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಸಂವಿಧಾನದ 352ನೆಯ ವಿಧಿಯ ಮೇರೆಗೆ ತುರ್ತುಪರಿಸ್ಥಿತಿಯನ್ನು ಘೋಷಿಸಿದರು. ಯಾರೂ ಬೇಡವೆನ್ನಲಿಲ್ಲ, ಎನ್ನಬಾರದಾಗಿತ್ತು ಕೂಡ. ದೇಶದ ಗೃಹಿಣಿಯರು ಕೈಯ ಬಳೆ, ಕೊರಳ ಸರಗಳನ್ನು ರಕ್ಷಣಾನಿಧಿಗೆ ಕೊಟ್ಟ ಕಾಲ ಅದು. ಒಡವೆ ಕೊಟ್ಟ ಜನ ಅಧಿಕಾರವನ್ನೂ ಸಂತೋಷದಿಂದಲೇ ಕೊಟ್ಟರು.

ನವೆಂಬರ್ 21ರಂದು ಚೀನ ಕದನವಿರಾಮ ಸಾರಿತು. ಯುದ್ಧ ನಡೆದುದು ಒಂದು ತಿಂಗಳು. ತುರ್ತುಪರಿಸ್ಥಿತಿ ಮುಗಿದದ್ದಾದರೋ 1968ರ ಜನವರಿ 10ರಂದು! ನಡುವೆ ಇಬ್ಬರು ಪ್ರಧಾನಮಂತ್ರಿಗಳು ತೀರಿಕೊಂಡರು. 1965ರಲ್ಲಿ ಪಾಕಿಸ್ತಾನದೊಡನೆ ಇನ್ನೊಂದು ಯುದ್ಧ ನಡೆದು, ತಾಷ್ಕೆಂಟಿನಲ್ಲಿ ಒಪ್ಪಂದವೂ ಆಯಿತು. ಒಂದು ಮಹಾಚುನಾವಣೆಯೂ ಮುಗಿಯಿತು. ಭಾರತ ರಕ್ಷಣಾ ನಿಯಮಗಳು ಮಾತ್ರ ಅಲುಗಲಿಲ್ಲ. ಚೀನೀ ಸೈನ್ಯ ಹಿಂದಿರುಗಿ ಎರಡು ವರ್ಷ ಕಳೆದ ಮೇಲೆ, 1964ರ ಕೊನೆಯಲ್ಲಿ, ಅದೇ ನಿಯಮಗಳ ಬಲದಿಂದ ನೂರಾರು ಕಮ್ಯುನಿಸ್ಟ್ ಮುಖಂಡರನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಲಾಯಿತು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ವಿಚಾರಣೆಯಿಲ್ಲದ ಸೆರೆ ಇಂದು ಅವರಿಗಾದರೆ ನಾಳೆ ಇನ್ನೊಬ್ಬರಿಗೆ ಎಂಬುದನ್ನು ಅಂದು ಬಹಳ ಜನ ಯೋಚಿಸಲಿಲ್ಲ.

ಎರಡನೆಯ ಸಲ 1971ರ ಡಿಸೆಂಬರ್ 3ರಂದು ಘೋಷಣೆ ಹೊರಟಿತು. ಬಾಂಗ್ಲಾದೇಶದ ವಿಮೋಚನೆಯ ಯುದ್ಧ ಡಿಸೆಂಬರ್ 16ರಂದು ನಮ್ಮ ಪೂರ್ಣ ವಿಜಯದಲ್ಲಿ ಮುಗಿಯಿತು. ಯುದ್ಧ ಹದಿಮೂರು ದಿನ. ಘೋಷಣೆ 1977ರ ಮಾರ್ಚಿಯವರೆಗೆ, ಎಂದರೆ ಐದು ವರ್ಷಕ್ಕೂ ಮೇಲೆ. ಅದು ಇರುವಾಗಲೇ, ಅದರ ಮೇಲೆಯೇ, 1975ರ ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಹೆಸರಿನಲ್ಲಿ ಎರಡನೆಯ ಘೋಷಣೆಯನ್ನು ಹೊರಿಸಲಾಯಿತು. ಒಂದು ಬಾಗಿಲಿಗೆ ಎರಡು ಬೀಗ.

ಈ ಲೆಕ್ಕವನ್ನು ಮಕ್ಕಳ ಪಾಠಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬೇಕು. ಎರಡು ಸಲವೂ ಯುದ್ಧ ಬೇಗನೆ ಮುಗಿಯಿತು. ಎರಡು ಸಲವೂ ಅಧಿಕಾರ ತಾನಾಗಿ ಹಿಂದಿರುಗಲಿಲ್ಲ. ಯುದ್ಧಕ್ಕೆ ಇದು ಅನಿವಾರ್ಯವೇ? ಅಲ್ಲವೆಂಬುದನ್ನು 1999ರ ಕಾರ್ಗಿಲ್ ತೋರಿಸಿಕೊಟ್ಟಿತು. ಹಿಮದ ಶಿಖರಗಳ ಮೇಲೆ ಎರಡು ತಿಂಗಳಿಗೂ ಮೇಲ್ಪಟ್ಟು ನಡೆದ ಆ ಯುದ್ಧವನ್ನು ಭಾರತ ತುರ್ತುಪರಿಸ್ಥಿತಿಯ ಘೋಷಣೆಯಿಲ್ಲದೆಯೇ ಹೋರಾಡಿ ಗೆದ್ದಿತು. ಪತ್ರಿಕೆಗಳು ಮಾತಾಡುತ್ತಲೇ ಇದ್ದುವು, ವಿರೋಧಪಕ್ಷದವರು ಪ್ರಶ್ನೆ ಕೇಳುತ್ತಲೇ ಇದ್ದರು, ಅಷ್ಟರಿಂದ ಯಾವ ಶಿಖರವೂ ಕೈತಪ್ಪಿಹೋಗಲಿಲ್ಲ.

ಬೆಂಗಳೂರಿನ ಸೆರೆಮನೆ

1975ರ ಕಥೆಯನ್ನು ದೆಹಲಿಯ ಕಥೆಯೆಂದೇ ನಾವು ಹೇಳಿ ಅಭ್ಯಾಸ. ಆದರೆ ಅದರ ಒಂದು ಮುಖ್ಯ ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. ಸಂಸತ್ತಿನ ಸಮಿತಿಯೊಂದರ ಸಭೆಗೆಂದು ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ, ಇವರನ್ನು ಜೂನ್ 26ರ ಬೆಳಗಿನಲ್ಲಿ ಇಲ್ಲಿಯೇ ಬಂಧಿಸಿದರು. ತಮ್ಮ ಬಂಧನ ಕಾನೂನಿಗೆ ವಿರುದ್ಧವೆಂದು ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಇಂತಹ ಅರ್ಜಿಗಳನ್ನು ಕೇಳಬಹುದೇ ಎಂಬ ಪ್ರಶ್ನೆ ದೇಶದ ನಾನಾ ಉಚ್ಚ ನ್ಯಾಯಾಲಯಗಳಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಜಬಲ್ಪುರ ಮೊಕದ್ದಮೆ ಎಂದು ಹೆಸರಾದುದು ಅದೇ.

1976ರ ಏಪ್ರಿಲ್ 28ರಂದು ತೀರ್ಪು ಬಂತು. ತುರ್ತುಪರಿಸ್ಥಿತಿ ಇರುವಷ್ಟು ಕಾಲ, ಬಂಧನ ನ್ಯಾಯವೋ ಅನ್ಯಾಯವೋ ಎಂದು ಕೇಳಲು ಪ್ರಜೆಗೆ ನ್ಯಾಯಾಲಯದ ಬಾಗಿಲಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು, ಎಚ್. ಆರ್. ಖನ್ನಾ, ಒಪ್ಪಲಿಲ್ಲ. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯ ಪೀಠ ಅವರಿಗೆ ಸಲ್ಲಬೇಕಾಗಿತ್ತು. ಅವರನ್ನು ದಾಟಿ ಕಿರಿಯರಿಗೆ ಕೊಡಲಾಯಿತು. ಖನ್ನಾ ರಾಜೀನಾಮೆಯಿತ್ತು ಹೊರಟುಹೋದರು.

ಅದೇ ಬೆಂಗಳೂರು ಸೆರೆಮನೆಯಲ್ಲಿ ಇನ್ನೊಬ್ಬರಿದ್ದರು. ಅವರು ರಾಜಕಾರಣಿಯಲ್ಲ. 1970ರಲ್ಲಿ ತೆರೆಗೆ ಬಂದ ‘ಸಂಸ್ಕಾರ’ ಚಿತ್ರದ ಚಂದ್ರಿಯನ್ನು ನೋಡಿದವರಾರೂ ಮರೆತಿರಲಾರರು. ಆ ಪಾತ್ರದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ‘ಮೀಸಾ’ ಶಾಸನದ ಮೇರೆಗೆ ಇಡಲಾಯಿತು. ಅವರಿಗೆ ಹಳೆಯ ಆಸ್ತಮಾ ರೋಗ. ಸೆರೆಯಲ್ಲಿ ಅದು ಉಲ್ಬಣಿಸಿತು. ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು, ದೇಹ ಪೂರ್ತಿ ಕುಸಿದಿದ್ದಾಗ ಪೆರೋಲಿನ ಮೇಲೆ ಹೊರಗೆ ಬಿಟ್ಟರು. 18ರಂದು ಪ್ರಧಾನಮಂತ್ರಿಗಳು ಚುನಾವಣೆಯನ್ನು ಸಾರಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಕಲಾವಿದೆಯೊಬ್ಬಳ ಉಸಿರು ಹೀಗೆ ಕಟ್ಟಿದುದರಿಂದ ರಾಷ್ಟ್ರದ ಯಾವ ಗಡಿ ಭದ್ರವಾಯಿತು? ಯಾರೂ ಉತ್ತರ ಹೇಳಲಿಲ್ಲ. ಉತ್ತರ ಹೇಳಬೇಕಾದ ಅಗತ್ಯವಿಲ್ಲದಿರುವುದೇ ಆ ಬಗೆಯ ಅಧಿಕಾರದ ಲಕ್ಷಣ. ಆ ಸೆರೆಮನೆ ಇಂದು ಸೆರೆಮನೆಯಲ್ಲ. 2008ರಿಂದ ಅದು ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುವ ತಂದೆತಾಯಿಗಳು ಹಳೆಯ ಬರಾಕುಗಳನ್ನು ತೋರಿಸುವಾಗ ಈ ಹೆಸರನ್ನೂ ಒಮ್ಮೆ ಹೇಳುವುದು ಒಳ್ಳೆಯದು.

ಇನ್ನೊಂದು ತಕ್ಕಡಿ

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸುಲಭವಾಗುತ್ತದೆ, ಆದರೆ ನಿಜವಾಗುವುದಿಲ್ಲ. ಏಕೆಂದರೆ, 1977ರ ಮಾರ್ಚಿಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಹಿಂದುಸ್ಥಾನವೆಲ್ಲ ಇಂದಿರಾ ಗಾಂಧಿಯವರ ಪಕ್ಷವನ್ನು ಕಿತ್ತೊಗೆಯಿತು. ಕರ್ನಾಟಕವಾದರೋ 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಅವರನ್ನು ಮತ್ತೆ ಲೋಕಸಭೆಗೆ ಕಳುಹಿಸಿತು. ಕನ್ನಡಿಗರಿಗೆ ಸ್ವಾತಂತ್ರ್ಯ ಬೇಡವಾಗಿತ್ತೇ?

ಹಾಗೆನ್ನುವುದು ಉದ್ಧಟತನ. ಅದೇ ವರ್ಷಗಳಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆಯನ್ನು ಕೈಕೊಂಡಿತ್ತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಉಳುವವನೇ ಹೊಲದೊಡೆಯನಾದ. ತಾಲೂಕು ತಾಲೂಕಿಗೆ ಭೂನ್ಯಾಯಮಂಡಲಿಗಳು ಕುಳಿತುವು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅದಕ್ಕೆ ಕಾರಣವೂ ಇತ್ತು: ವಕೀಲರನ್ನು ಇಡುವ ಶಕ್ತಿ ಒಡೆಯನಿಗಿತ್ತು, ಗೇಣಿದಾರನಿಗಿರಲಿಲ್ಲ. ತಲೆಮಾರುಗಳಿಂದ ಇನ್ನೊಬ್ಬರ ನೆಲದಲ್ಲಿ ಬೆವರು ಸುರಿಸಿದ ಕುಟುಂಬಕ್ಕೆ ತನ್ನದೆಂಬ ಭೂಮಿಯ ಪತ್ರ ಬಂದಾಗ, ಅದನ್ನು ತಂದುಕೊಟ್ಟ ಬಿರುಸಾದ ಅಧಿಕಾರವನ್ನು ಆ ಕುಟುಂಬ ದೂಷಿಸೀತೆ?

ಅಧಿಕಾರವನ್ನು ಅಳೆಯುವಾಗ ಈ ತಕ್ಕಡಿಯನ್ನು ಮರೆಯಬಾರದು. ಬಡವನಿಗೆ ಬಹುಕಾಲದಿಂದ ಅನ್ಯಾಯ ಮಾಡಿದುದು ಸರಕಾರದ ಅತಿಶಕ್ತಿಯಲ್ಲ, ಅನೇಕ ವೇಳೆ ಅದರ ಅಶಕ್ತಿ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಭೂಮಿಯನ್ನು ಕೊಡಲು ಶಾಸನಸಭೆ ಮಾಡಿದ ಶಾಸನ ಸಾಕಾಗಿತ್ತು. ಅದು ತುರ್ತುಪರಿಸ್ಥಿತಿಗೆ ಒಂದು ವರ್ಷಕ್ಕೂ ಮೊದಲೇ ಜಾರಿಗೆ ಬಂದಿತ್ತು. ಉಳುವವನಿಗೆ ಹೊಲ ಕೊಡುವುದಕ್ಕಾಗಿ ನಟಿಯೊಬ್ಬಳನ್ನು ಸೆರೆಯಲ್ಲಿಡಬೇಕಾಗಿರಲಿಲ್ಲ. ಒಳ್ಳೆಯ ಕೆಲಸವನ್ನು ತೋರಿಸಿ ಅದರ ನೆರಳಿನಲ್ಲಿ ಕೆಟ್ಟ ಅಧಿಕಾರವನ್ನು ಬಚ್ಚಿಡುವುದು ಎಲ್ಲ ಕಾಲದ ಆಳುವವರಿಗೂ ತಿಳಿದ ಉಪಾಯ.

ಹುಬ್ಬಳ್ಳಿಯ ವಕೀಲರ ಮೊಕದ್ದಮೆ

ಸೆರೆಯಿಂದ ಹೊರಬಂದವರಾದರೂ ಪಾಠ ಕಲಿತರೇ? 1977ರಲ್ಲಿ ದೆಹಲಿಯ ಗದ್ದುಗೆಯೇರಿದ ಜನತಾ ಸರಕಾರ ಸಂವಿಧಾನಕ್ಕೆ 44ನೆಯ ತಿದ್ದುಪಡಿಯನ್ನು ತಂದುದು ನಿಜ. ಅದಕ್ಕೆ ನಾವು ಕೃತಜ್ಞರಾಗಿರಬೇಕು. ‘ಆಂತರಿಕ ಕ್ಷೋಭೆ’ ಎಂಬ ಅಳತೆಯಿಲ್ಲದ ಮಾತನ್ನು ತೆಗೆದು ‘ಸಶಸ್ತ್ರ ಬಂಡಾಯ’ವೆಂದು ಬರೆಯಲಾಯಿತು. ಮಂತ್ರಿಮಂಡಲದ ಲಿಖಿತ ನಿರ್ಣಯವಿಲ್ಲದೆ ರಾಷ್ಟ್ರಪತಿ ಘೋಷಿಸುವಂತಿಲ್ಲ. ಆರು ತಿಂಗಳಿಗೊಮ್ಮೆ ಸಂಸತ್ತು ಮತ್ತೆ ಒಪ್ಪದಿದ್ದರೆ ಘೋಷಣೆ ತಾನಾಗಿ ಬೀಳುತ್ತದೆ. ಇವೆಲ್ಲಕ್ಕಿಂತ ಸೊಗಸಾದ ಏರ್ಪಾಟು ಇನ್ನೊಂದು: ಲೋಕಸಭೆಯ ಹತ್ತರಲ್ಲಿ ಒಂದು ಪಾಲು ಸದಸ್ಯರು ಲಿಖಿತವಾಗಿ ಕೇಳಿದರೆ ಹದಿನಾಲ್ಕು ದಿನಗಳೊಳಗೆ ವಿಶೇಷ ಅಧಿವೇಶನ ಸೇರಲೇಬೇಕು. ಕತ್ತಿಯನ್ನು ಮರಳಿ ಕೇಳುವ ಹಕ್ಕು ಹೀಗೆ ಬರಹಕ್ಕೆ ಬಂತು. 1977ರಿಂದೀಚೆಗೆ 352ನೆಯ ವಿಧಿಯ ಘೋಷಣೆ ಮತ್ತೊಮ್ಮೆ ಹೊರಟಿಲ್ಲ.

ಆದರೆ ಅದೇ ಜನತಾ ಸರಕಾರ ಪಕ್ಕದ ಕಪಾಟಿನಲ್ಲಿದ್ದ ಇನ್ನೊಂದು ಕತ್ತಿಯನ್ನು ಕೈಗೆತ್ತಿಕೊಂಡಿತು. ಅದು 356ನೆಯ ವಿಧಿ, ಎಂದರೆ ರಾಜ್ಯ ಸರಕಾರಗಳನ್ನು ವಜಾಮಾಡುವ ಅಧಿಕಾರ. 1977ರಲ್ಲಿ ಒಂಬತ್ತು ರಾಜ್ಯಗಳ ಸರಕಾರಗಳು ಒಟ್ಟಿಗೆ ಉರುಳಿದುವು. ವರ್ಷದ ಕೊನೆಯ ದಿನ ಅರಸರ ಸರಕಾರವೂ ಹೋಯಿತು. ಜನ ಎರಡೇ ತಿಂಗಳಲ್ಲಿ ಅರಸರನ್ನು ಮತ್ತೆ ಆರಿಸಿ ತಂದರು. ಮುಂದೆ 1980ರಲ್ಲಿ ಇಂದಿರಾ ಗಾಂಧಿಯವರು ಹಿಂದಿರುಗಿ ಅದೇ ಕೆಲಸವನ್ನು ತಿರುಗಿಸಿ ಮಾಡಿದರು. ಪಕ್ಷ ಬದಲಾಯಿತು; ಚಾಳಿ ಬದಲಾಗಲಿಲ್ಲ.

ಇದಕ್ಕೆ ತಡೆ ಬಿದ್ದುದು ಒಬ್ಬ ಕನ್ನಡಿಗರಿಂದ. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ್ದ ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ ಶಾಸಕರೊಬ್ಬರು ಹತ್ತೊಂಬತ್ತು ಶಾಸಕರ ಪತ್ರಗಳನ್ನು ರಾಜ್ಯಪಾಲರ ಕೈಗಿತ್ತು, ಇವರೆಲ್ಲ ಬೆಂಬಲವನ್ನು ಹಿಂತೆಗೆದುಕೊಂಡಿದ್ದಾರೆಂದರು. ಆಮೇಲೆ ಅವರಲ್ಲಿ ಏಳು ಮಂದಿ ತಾವು ಹಾಗೆ ಮಾಡಿಲ್ಲವೆಂದು ಬರೆದರು. ಸದನವನ್ನು ಕರೆಯಿರಿ, ಬಹುಮತವನ್ನು ಅಲ್ಲಿಯೇ ತೋರಿಸುತ್ತೇನೆ, ಎಂದು ಬೊಮ್ಮಾಯಿಯವರು ಕೇಳಿದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ ಆಯಿತು.

ಇತರ ಅನೇಕ ಮುಖ್ಯಮಂತ್ರಿಗಳು ಇಂತಹ ಸಂದರ್ಭದಲ್ಲಿ ಶಪಿಸಿ ಸುಮ್ಮನಾಗಿದ್ದರು. ಇವರು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಲ್ಲಿ ಸೋತರು. ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚಿ 11ರಂದು ತೀರ್ಪಿತ್ತಿತು: ಸರಕಾರದ ಬಹುಮತವನ್ನು ಅಳೆಯುವ ಸ್ಥಳ ರಾಜಭವನವಲ್ಲ, ಶಾಸನಸಭೆ, 356ನೆಯ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರೀಕ್ಷಿಸಬಹುದು, ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದ ವಜಾ ಸಂವಿಧಾನಬಾಹಿರವೆಂದೂ ನ್ಯಾಯಾಲಯ ಹೇಳಿತು.

ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ಚುನಾವಣೆ ಮುಗಿದು ಬೇರೆ ಸರಕಾರಗಳು ಬಂದು ಹೋಗಿದ್ದುವು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ. ಬಂದುದು ದೇಶಕ್ಕೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಯಾರಿಗೂ ಸ್ಪಷ್ಟ ಬಹುಮತವಿಲ್ಲದಾಗ, ರಾಜ್ಯಪಾಲರು ಹದಿನೈದು ದಿನಗಳ ಅವಧಿ ಕೊಟ್ಟಿದ್ದರೂ, ಮರುದಿನವೇ ಸದನದಲ್ಲಿ ಬಲಪರೀಕ್ಷೆಯಾಗಲಿ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದುದನ್ನು ಓದುಗರು ಬಲ್ಲರು. ಅಂದು ಅಧಿಕಾರ ಕಳೆದುಕೊಂಡ ಪಕ್ಷವೇ ಇನ್ನೊಂದು ರಾಜ್ಯದಲ್ಲಿ ಇನ್ನೊಂದು ದಿನ ಅದೇ ತೀರ್ಪಿನ ಆಶ್ರಯ ಬೇಡಬಹುದು. ಒಳ್ಳೆಯ ಕಟ್ಟುಪಾಡಿನ ಗುರುತೇ ಅದು.

ಜಬಲ್ಪುರದ ತೀರ್ಪಿಗೂ ಉತ್ತರ ಸಿಕ್ಕಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯ 1976ರ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಅಂದು ಆ ತೀರ್ಪಿಗೆ ಸೇರಿದ್ದವರಲ್ಲಿ ಒಬ್ಬರು ವೈ. ವಿ. ಚಂದ್ರಚೂಡ, ಇಂದು ಅದು ತಪ್ಪೆಂದು ಬರೆದವರು ಅವರ ಮಗ. ಆದರೆ ನಾಲ್ವತ್ತೊಂದು ವರ್ಷ ಬೇಕಾಯಿತು. ಸ್ನೇಹಲತಾ ರೆಡ್ಡಿಯವರಿಗೆ ಅದರಿಂದ ಏನು ಬಂತು? ಗ್ರಂಥದ ಉತ್ತರ ಸರಿಯಾದದ್ದು. ಆದರೆ ಅದು ಬರುವುದು ತಡವಾಗಿ, ಮತ್ತು ಯಾರಾದರೂ ಎದ್ದು ಕೇಳಿದಾಗ ಮಾತ್ರ.

ದಕ್ಷಿಣದ ದಾರಿ

ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು? ಈಗ ಝಳಕಿಯಿಂದ ದಕ್ಷಿಣಕ್ಕೆ ತಿರುಗೋಣ. ವಿಜಯಪುರವನ್ನು ದಾಟಿ ಮುಂದೆ ಹೋದರೆ ಬಸವನ ಬಾಗೇವಾಡಿ. ಅಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಎಲ್ಲರೂ ಬಲ್ಲರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಕಾರ್ಯಾಂಗದ ಒಳಗೇ ಇದ್ದವರು. ಹರಳಯ್ಯ, ಮಧುವರಸರಿಗೆ ಅರಸು ಕ್ರೂರದಂಡನೆ ವಿಧಿಸಿದ ಆ ದಿನಗಳಲ್ಲಿ, ಪದವಿಯನ್ನು ತೊರೆದು ಕೂಡಲಸಂಗಮಕ್ಕೆ ನಡೆದರೆಂದು ಪರಂಪರೆ ಹೇಳುತ್ತದೆ. ಅಧಿಕಾರವನ್ನು ಹಿಡಿಯುವುದು ಹೇಗೆಂದು ತೋರಿಸಿದವರು ಬಹಳ. ಬಿಡುವುದು ಹೇಗೆಂದು ತೋರಿಸಿದವರು ಕಡಿಮೆ.

ಅದೇ ಪರಂಪರೆಯ ‘ಶೂನ್ಯಸಂಪಾದನೆ’ಯಲ್ಲಿ ಇನ್ನೊಂದು ಪ್ರಸಂಗವಿದೆ. ಸಿದ್ಧರಾಮ ಸೊನ್ನಲಿಗೆಯಲ್ಲಿ ಸಾವಿರಾರು ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದ. ಬರದ ಸೀಮೆಯಲ್ಲಿ ಕೆರೆಗಿಂತ ದೊಡ್ಡ ಪುಣ್ಯವಿಲ್ಲ. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಹೊಗಳಲಿಲ್ಲ, ಬದಲು ಪ್ರಶ್ನಿಸಿದ. ಕೆಲಸದವರು ಸಿಟ್ಟಿಗೆದ್ದು ಅಲ್ಲಮನ ಮೇಲೆ ಕಲ್ಲು ಬೀರಿದರು. ತಮಗೆ ಅನ್ನ ನೀರು ಕೊಡುವ ಒಡೆಯನನ್ನು ಪ್ರಶ್ನಿಸಿದವನ ಮೇಲೆ ಜನಕ್ಕೆ ಕೋಪ ಬರುವುದು ಅಂದಿನಿಂದ ಇಂದಿನವರೆಗೆ ಹಾಗೆಯೇ ಇದೆ. ಆದರೆ ಸಿದ್ಧರಾಮ ಕಲ್ಲೆತ್ತಿದವರ ಪಕ್ಷವನ್ನು ಹಿಡಿದು ನಿಲ್ಲಲಿಲ್ಲ. ಕಡೆಗೆ ಪ್ರಶ್ನೆ ಕೇಳಿದವನೊಡನೆಯೇ ಕಲ್ಯಾಣಕ್ಕೆ ನಡೆದ. ಕೆರೆಯೂ ಉಳಿಯಿತು, ಪ್ರಶ್ನೆಯೂ ಉಳಿಯಿತು. ಸೊಲ್ಲಾಪುರದಲ್ಲಿ ಆ ಕೆರೆಯನ್ನು ಇಂದಿಗೂ ನೋಡಬಹುದು.

ಸಂಸ್ಕೃತಿಯೆಂದರೆ ಹಬ್ಬ, ಹಾಡು, ಗುಮ್ಮಟ, ಗೋಪುರಗಳೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅವೂ ಹೌದು. ಆದರೆ ಒಳ್ಳೆಯದನ್ನು ಮಾಡುತ್ತಿರುವ ಬಲಶಾಲಿಯನ್ನೂ ‘ಇದು ಏಕೆ, ಎಷ್ಟು ದಿನ’ ಎಂದು ಕೇಳಬಲ್ಲ ನಾಲಗೆ, ಕೇಳಿದವನ ಮೇಲೆ ಕಲ್ಲೆತ್ತದ ಕೈ, ಇವೆರಡೂ ಸಂಸ್ಕೃತಿಯೇ. ಇವು ಇಲ್ಲದ ಕಡೆ 44ನೆಯ ತಿದ್ದುಪಡಿಯೂ ಒಂಬತ್ತು ನ್ಯಾಯಮೂರ್ತಿಗಳ ತೀರ್ಪೂ ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಹಿರಿಯರು ತಪ್ಪಿದಾಗ ಕಿರಿಯರು ಕೇಳಬಹುದಾದ ಮನೆಯಲ್ಲಿ ಇವು ಮೊದಲು ಬೆಳೆಯುತ್ತವೆ. ಆಮೇಲೆ ಶಾಲೆಯಲ್ಲಿ, ಪಂಚಾಯತಿಯಲ್ಲಿ, ಕಡೆಗೆ ಸಂಸತ್ತಿನಲ್ಲಿ.

ಮತ್ತೊಮ್ಮೆ ಅಪಾಯ ಬಂದೇ ಬರುತ್ತದೆ. ದೇಶವೆಂದ ಮೇಲೆ ಯುದ್ಧವೂ ಕ್ಷೋಭೆಯೂ ತಪ್ಪಿದ್ದಲ್ಲ. ಅಂದು ನಾವು ಕತ್ತಿಯನ್ನು ಮತ್ತೆ ಕೊಡಬೇಕಾಗಬಹುದು, ಕೊಡೋಣ. ಕೊಡುವಾಗಲೇ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡೋಣ. ಅಪಾಯ ಕಳೆದ ಮರುದಿನ ಬೆಳಗ್ಗೆ ಬಾಗಿಲಿಗೆ ಹೋಗಿ ಕೇಳುವ ಕೆಲಸ ನೆರೆಮನೆಯವರದೆಂದು ಮಾತ್ರ ಯಾರೂ ತಿಳಿಯದಿರಲಿ.